ಕಿಡಿಯ ಪುನರಾಗಮನ

ವೈಶಾಖದ ಕಡೆಯ ದಿನಗಳಲ್ಲಿ, ಸೆಕೆ ಸಹಿಸಲಾರದಷ್ಟಾಗಿ, ಅಪರಾಹ್ಣದ ಹೊತ್ತಿಗೆ ಕೊಡಚಾದ್ರಿಯ ಮರೆಯಿಂದಲೋ ಆಗುಂಬೆಯ ಘಟ್ಟದ ನೆತ್ತಿಯಿಂದಲೋ ಕಾರ್ಮೋಡವೊಂದು ಏರಿ ಬರುವುದು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯವರಿಗೆ ವರ್ಷವರ್ಷವೂ ಪರಿಚಿತವಾದ ಸಂಗತಿ. ಮನೆಮನೆಯ ಜಗಲಿಯಲ್ಲಿಯೂ ರೇಡಿಯೋ ಪೆಟ್ಟಿಗೆಯೊಂದು ನೆಲೆಯೂರಿದ್ದ ಕಾಲದಲ್ಲಿ ಆ ಮೋಡದ ಆಗಮನವನ್ನು ಕಣ್ಣಿಗಿಂತ ಮೊದಲು ಕಿವಿಯೇ ತಿಳಿಯುತ್ತಿದ್ದಿತು. ಗುಡುಗಿನ ಶಬ್ದ ಬೆಟ್ಟಗಳನ್ನು ದಾಟಿ ಬರುವುದಕ್ಕೆ ಎಷ್ಟೋ ಮುಂಚೆ ಪೆಟ್ಟಿಗೆಯೊಳಗೆ ಕರಕರವೆಂಬ ಸದ್ದು ಹುಟ್ಟುತ್ತಿದ್ದಿತು. ಮುಳ್ಳನ್ನು ಭದ್ರಾವತಿಗೆ ತಿರುಗಿಸಿದರೂ ಅದೇ ಸದ್ದು, ಧಾರವಾಡಕ್ಕೆ ತಿರುಗಿಸಿದರೂ ಅದೇ ಸದ್ದು, ಯಾವ ಕೇಂದ್ರವೂ ಇಲ್ಲದ ಬರಿಯ ಜಾಗದಲ್ಲಿ ನಿಲ್ಲಿಸಿದರೂ ಅದೇ ಸದ್ದು. “ಏರಿಯಲ್ ತೆಗೆದು ಹಾಕೋ ಮಾಣಿ, ಗುಡುಗು ಬರ್ತಾ ಇದ್ದು” ಎಂದು ಒಳಗಿನಿಂದ ಹಿರಿಯರು ಕೂಗುವರು. ಎರಡು ಅಡಿಕೆಮರಗಳ ನಡುವೆ ಬಿಗಿದಿದ್ದ ತಂತಿಯ ತುದಿಯನ್ನು ಪೆಟ್ಟಿಗೆಯಿಂದ ಕಳಚಿ ಹೊರಕ್ಕೆಸೆದ ಮೇಲೆಯೇ ಮನೆಯವರಿಗೆ ನೆಮ್ಮದಿ.

ಪ್ರತಿಯೊಂದು ಕೇಂದ್ರವೂ ತನಗೆಂದು ಗೊತ್ತುಪಡಿಸಿದ ಒಂದು ಕಂಪನಾಂಕದಲ್ಲಿ ಮಾತ್ರ ಕೇಳಿಸುತ್ತಿರಲು, ಮಿಂಚೊಂದು ಮಾತ್ರ ಮುಳ್ಳು ಸುತ್ತಿದೆಡೆಯಲ್ಲೆಲ್ಲ ಏತಕ್ಕೆ ಕೇಳಿಸಬೇಕು ಎಂಬ ಪ್ರಶ್ನೆ ಆ ಜಗಲಿಗಳಲ್ಲಿ ಯಾರಿಗಾದರೂ ಹೊಳೆದಿದ್ದೀತು. ಅದಕ್ಕೆ ಉತ್ತರವನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೆ ಉಷ್ಣಪ್ರಸಾರವನ್ನು ಕುರಿತು 1822ರಲ್ಲಿ ಪ್ರಕಟಿಸಿದ ಮಹಾಗ್ರಂಥದ ತತ್ತ್ವದಲ್ಲಿಯೇ ಕಾಣಬಹುದು. ಒಂದು ಘಟನೆ ಕಾಲದಲ್ಲಿ ಎಷ್ಟೆಷ್ಟು ಕ್ಷಣಿಕವೋ, ಕಂಪನಾಂಕಗಳಲ್ಲಿ ಅದು ಅಷ್ಟಷ್ಟು ವಿಶಾಲವಾಗಿ ಹರಡಿಕೊಳ್ಳುವುದು. ದೀರ್ಘಕಾಲ ಒಂದೇ ಶ್ರುತಿಯಲ್ಲಿ ಮಿಡಿಯುವ ತರಂಗ ಒಂದು ಸಣ್ಣ ಗೆರೆಯಷ್ಟು ಜಾಗದಲ್ಲಿ ಅಡಗಿದರೆ, ಕ್ಷಣಾರ್ಧದಲ್ಲಿ ಹುಟ್ಟಿ ಕ್ಷಣಾರ್ಧದಲ್ಲಿ ಅಳಿಯುವ ಸ್ಪಂದ ಇಡೀ ಪಟ್ಟಿಯನ್ನು ಆಕ್ರಮಿಸುವುದು. ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ‘ಅಲ್ಟ್ರಾ ವೈಡ್‌ಬ್ಯಾಂಡ್’ ಎಂಬ ಹೆಸರಿನಲ್ಲಿ ಅಭ್ಯಸಿಸುತ್ತಿರುವ ನಿಸ್ತಂತು ವಿದ್ಯೆಯ ಬೀಜ ಈ ಒಂದು ತತ್ತ್ವದೊಳಗೆ ಇದೆ. ಅದನ್ನು ನಿನ್ನೆ ಮೊನ್ನೆ ಹುಟ್ಟಿದ ಸೋಜಿಗವೆಂದು ಭಾವಿಸುವವರು ಬಹಳ. ವಸ್ತುತಃ ನಿಸ್ತಂತು ವಿದ್ಯೆ ಹುಟ್ಟಿದುದೇ ಆ ರೂಪದಲ್ಲಿ. ಹುಟ್ಟಿದ ರೂಪವನ್ನು ಅದು ದೋಷವೆಂದು ತಿರಸ್ಕರಿಸಿ, ಮುಕ್ಕಾಲು ಶತಮಾನ ಕಳೆದ ಮೇಲೆ ಗುಣವೆಂದು ಮರಳಿ ಕರೆತಂದ ಕಥೆ ಇದು.

ಹೈನ್ರಿಖ್ ಹರ್ಟ್ಸ್ 1887 ಮತ್ತು 1888ರಲ್ಲಿ ವಿದ್ಯುತ್ಕಾಂತ ತರಂಗಗಳ ಅಸ್ತಿತ್ವವನ್ನು ಲೋಕಕ್ಕೆ ತೋರಿಸಿಕೊಟ್ಟುದು ಎರಡು ಲೋಹದ ಗುಂಡುಗಳ ನಡುವೆ ಹಾರಿದ ಕಿಡಿಯಿಂದ. ರಷ್ಯದ ಪೊಪೋವ್ 1895ರ ಮೇ 7ರಂದು ಪೀಟರ್ಸ್‌ಬರ್ಗಿನಲ್ಲಿ ಪ್ರದರ್ಶಿಸಿದ ಯಂತ್ರವಂತೂ ದೂರದ ಮಿಂಚನ್ನೇ ಗುರುತಿಸಿ ಗಂಟೆ ಬಾರಿಸುವಂತಹುದು. ಮಲೆನಾಡಿನ ಜಗಲಿಯ ಪೆಟ್ಟಿಗೆ ತನಗರಿಯದಂತೆ ಮಾಡುತ್ತಿದ್ದ ಕೆಲಸವನ್ನು ಅದು ಉದ್ದೇಶಪೂರ್ವಕವಾಗಿ ಮಾಡುತ್ತಿದ್ದಿತು. ನಮ್ಮ ದೇಶದಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಅದೇ ವರ್ಷಗಳಲ್ಲಿ ಕಿಡಿಯಿಂದ ಕೆಲವೇ ಮಿಲಿಮೀಟರುಗಳಷ್ಟು ಪುಟ್ಟ ತರಂಗಗಳನ್ನು ಹುಟ್ಟಿಸಿ, ಗೋಡೆಯಾಚೆಯ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಸಿಡಿಸಿ ಸಭಿಕರನ್ನು ಬೆರಗುಗೊಳಿಸಿದರು. ಬೋಸರು ಆರಿಸಿಕೊಂಡ ಆ ಸೂಕ್ಷ್ಮ ತರಂಗಗಳ ಪ್ರದೇಶಕ್ಕೆ ಲೋಕದ ಎಂಜಿನಿಯರುಗಳು ಮರಳಿ ಕಾಲಿಡಲು ಅನೇಕ ದಶಕಗಳೇ ಬೇಕಾದುವೆಂಬುದನ್ನು ನೆನೆದಾಗಲೆಲ್ಲ ಆ ಮಹಾನುಭಾವರ ದೂರದೃಷ್ಟಿಗೆ ತಲೆಬಾಗಬೇಕೆನಿಸುವುದು. 1901ರ ಡಿಸೆಂಬರ್ 12ರಂದು ಮಾರ್ಕೋನಿ ಅಟ್ಲಾಂಟಿಕ್ ಸಾಗರವನ್ನು ದಾಟಿಸಿದ ಸಂಕೇತವೂ ಕಿಡಿಯ ಸಂತಾನವೇ.

ಆದರೆ ಕಿಡಿಗೆ ನೆರೆಹೊರೆಯ ಮರ್ಯಾದೆ ತಿಳಿಯದು. ಒಂದು ಹಡಗಿನ ಯಂತ್ರ ಕಿಡಿಯುಗುಳಿದರೆ ಸುತ್ತಲಿನ ಹಡಗುಗಳೆಲ್ಲವೂ ಕಿವುಡಾಗಬೇಕು. ಆದುದರಿಂದಲೇ ಆ ಕಾಲದ ಯಂತ್ರಶಿಲ್ಪಿಗಳ ಪ್ರಯತ್ನವೆಲ್ಲವೂ ತರಂಗವನ್ನು ಕಿರಿದಾದ ಪಟ್ಟಿಯೊಳಗೆ ಕಟ್ಟಿಹಾಕುವ ಕಡೆಗೆ ತಿರುಗಿತು. ಫ್ಲೆಮಿಂಗರ ವಾಲ್ವು 1904ರಲ್ಲಿ ಬಂದಿತು. ಅದರ ಬೆನ್ನಿಗೇ ಡಿ ಫಾರೆಸ್ಟರ ಆಡಿಯಾನ್ ಎಂಬ ವಾಲ್ವೂ ಬಂದಿತು. ಒಂದೇ ಶ್ರುತಿಯನ್ನು ಎಡೆಬಿಡದೆ ಹಿಡಿದು ನುಡಿಸಬಲ್ಲ ಯಂತ್ರಗಳು ಸಾಧ್ಯವಾದುವು. ಮನುಷ್ಯನ ಕಂಠವನ್ನು ಆ ಶ್ರುತಿಯ ಮೇಲೇರಿಸಿ ಕಳುಹಿಸುವ ಕಲೆ ಕೈಗೂಡಿತು. 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಸೇರಿದ ರಾಷ್ಟ್ರಗಳು ಕಿಡಿಯಂತ್ರಗಳನ್ನು ಕ್ರಮಕ್ರಮವಾಗಿ ತ್ಯಜಿಸುವ ಕಟ್ಟಳೆಗೆ ಒಪ್ಪಿದುವು. ಆಕಾಶವನ್ನು ಅಲ್ಲಿಂದ ಮುಂದೆ ಸರ್ವೆನಂಬರು ಹಾಕಿ, ಗಡಿಕಲ್ಲು ನೆಟ್ಟು, ಕೇಂದ್ರಕ್ಕೊಂದರಂತೆ ಪಟ್ಟಿ ಪಟ್ಟಿಯಾಗಿ ಹಂಚಲಾಯಿತು.

ಕನ್ನಡ ನಾಡಿಗೆ ನಿಸ್ತಂತುವಿನ ವಾಣಿ ಬಂದುದು ಈ ಹಂಚಿಕೆಯಾದ ಮೇಲೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ನಿವಾಸ ‘ವಿಠ್ಠಲ ವಿಹಾರ’ದಲ್ಲಿ ಕೇವಲ 30 ವಾಟ್ ಶಕ್ತಿಯ ಪ್ರೇಷಕವೊಂದನ್ನು ಸ್ಥಾಪಿಸಿ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಸಮಸ್ತ ಭಾರತದ ಬಾನುಲಿಯೂ ತಳೆಯಿತು. ಆ ಕೇಂದ್ರದ ಪ್ರಾರಂಭದ ಕಾರ್ಯಕ್ರಮಗಳಲ್ಲಿ, ಅದೇ ಕಾಲೇಜಿನ ಅಧ್ಯಾಪಕರಾಗಿದ್ದ ಕುವೆಂಪುರವರ ಕಾವ್ಯವಾಚನವೂ ಇದ್ದಿತೆಂದು ಆ ಕಾಲವನ್ನು ಕಂಡವರು ಸ್ಮರಿಸಿಕೊಂಡಿದ್ದಾರೆ. ಹೀಗೆ ತೀರ್ಥಹಳ್ಳಿಯ ಸೀಮೆಯ ಕುಪ್ಪಳಿಯಲ್ಲಿ ಬೆಳೆದ ಕಂಠವೊಂದು, ಆ ಸೀಮೆಯ ಮನೆಗಳಿಗೆ ರೇಡಿಯೋ ಪೆಟ್ಟಿಗೆ ಬರುವುದಕ್ಕೆ ಎಷ್ಟೋ ಮೊದಲೇ ಆಕಾಶವನ್ನೇರಿದ್ದಿತು. ಮೈಸೂರಿನ ಕೇಂದ್ರ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಮಲೆನಾಡಿನ ಪಾಲಿಗೆ ನಿಜವಾದ ಬಾನುಲಿಯ ಯುಗ ಮೊದಲಾದುದು ಭದ್ರಾವತಿಯ ಕೇಂದ್ರ 1965ರ ಫೆಬ್ರವರಿ 7ರಂದು ಕಾರ್ಯಾರಂಭ ಮಾಡಿದಾಗ. ಅದಕ್ಕೆ ಒಂದು ವರ್ಷ ಹಿಂದೆಯಷ್ಟೇ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು, ಸಾಗರ ಹೊಸನಗರಗಳ ಎಷ್ಟೋ ಊರುಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ್ದುವು. ಮನೆಮಠ ಕಳೆದುಕೊಂಡ ಕುಟುಂಬಗಳು ಕಾಡಿನ ನಡುವೆ ಹೊಸ ನೆಲೆ ಹುಡುಕಿಕೊಂಡು ಹೋಗಿದ್ದುವು. ಅವರು ತ್ಯಾಗ ಮಾಡಿದ ನೆಲದ ಮೇಲಿನ ನೀರು ದೂರದೂರದ ನಗರಗಳಿಗೆ ಬೆಳಕನ್ನಿತ್ತಿತು. ಅವರ ಮನೆಗಳಲ್ಲಿ ಬಹುಕಾಲ ಉರಿದುದು ಚಿಮಣಿಯ ದೀಪ. ವಿದ್ಯುತ್ತಿನ ಕಂಬ ಇಲ್ಲದೆಡೆಗೂ ಹೋಗಬಲ್ಲ ಯಂತ್ರವೆಂದರೆ ಬ್ಯಾಟರಿಯ ಟ್ರಾನ್ಸಿಸ್ಟರು ಒಂದೇ ಆಗಿದ್ದಿತು. ಅಂಚೆಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಿ, ಪುಸ್ತಕಕ್ಕೆ ಚೀಟಿ ಅಂಟಿಸಿಕೊಂಡು, ಬ್ಯಾಟರಿ ಮುಗಿದೀತೆಂಬ ಭಯದಿಂದ ವಾರ್ತೆಗೂ ಯಕ್ಷಗಾನಕ್ಕೂ ಮಾತ್ರ ಅದನ್ನು ಚಾಲೂ ಮಾಡುತ್ತಿದ್ದ ಮನೆಗಳು ಅನೇಕ. ಅಡಿಕೆಯ ಧಾರಣೆ, ಮಳೆಯ ಮುನ್ಸೂಚನೆ, ರೈತರಿಗೆ ಸಲಹೆ ಎಲ್ಲವೂ ಆ ಪೆಟ್ಟಿಗೆಯೊಳಗಿನಿಂದಲೇ ಬರಬೇಕು.

ಆ ಧ್ವನಿ ಬರುತ್ತಿದ್ದ ದಾರಿಯನ್ನು ಸ್ವಲ್ಪ ಗಮನಿಸಬೇಕು. ಭದ್ರಾವತಿ ಕೇಂದ್ರದ ಕಂಪನಾಂಕ 675 ಕಿಲೋಹರ್ಟ್ಸ್. ಎಂದರೆ ತರಂಗಾಂತರ ಸುಮಾರು 444 ಮೀಟರು. ಇಷ್ಟು ನೀಳವಾದ ತರಂಗ ನೆಲವನ್ನೇ ಹಿಡಿದು ಸಾಗಬಲ್ಲುದು. ಗುಡ್ಡ ಅಡ್ಡಬಂದರೆ ಬಾಗಿ ಆಚೆಗಿಳಿಯಬಲ್ಲುದು. ಮಳೆಯೂ ಮರಗಳೂ ಅದನ್ನು ತಡೆಯಲಾರವು. ಕಣಿವೆಯ ತಳದ ಒಂಟಿಮನೆಗೂ ಅದು ಹೊಕ್ಕುದು ಈ ಗುಣದಿಂದಲೇ. ಆದರೆ ಅದಕ್ಕೆ ಮೀಸಲಾದ ಪಟ್ಟಿಯ ಅಗಲ ಕೇವಲ 9 ಕಿಲೋಹರ್ಟ್ಸ್. ಇಂತಹ ಪಟ್ಟಿಯಲ್ಲಿ ಕಾಲವನ್ನು ಎಷ್ಟು ಸಣ್ಣ ತುಂಡಾಗಿ ಕತ್ತರಿಸಬಹುದೆಂದು ಲೆಕ್ಕ ಹಾಕಿದರೆ, ಒಂದೊಂದು ತುಂಡೂ ಸುಮಾರು 110 ಮೈಕ್ರೋಸೆಕೆಂಡು ಆಗುವುದು; ಅಷ್ಟರಲ್ಲಿ ಬೆಳಕು 33 ಕಿಲೋಮೀಟರು ಓಡಿ, ಸಾಗರದಿಂದ ಹೊಸನಗರವನ್ನು ದಾಟಿ ಹೋಗಿರುವುದು. ಧ್ವನಿಯನ್ನು ಮುಟ್ಟಿಸುವುದಕ್ಕೆ ಇದರಿಂದ ಏನೂ ಬಾಧಕವಿಲ್ಲ. ಆದರೆ ಆ ತರಂಗ ಹೊರಟು ಮುಟ್ಟಿದ ಕಾಲವನ್ನು ಹಿಡಿದು ದೂರವನ್ನು ಅಳೆಯುವೆವೆಂದರೆ, ಒಂದು ತಾಲ್ಲೂಕಿನಷ್ಟು ಪ್ರದೇಶವೆಲ್ಲ ಒಂದೇ ಚುಕ್ಕೆಯಾಗಿ ಕಲಸಿಹೋಗುವುದು.

ಕಿಡಿಯನ್ನು ಗಡೀಪಾರು ಮಾಡಿದ ಲೋಕ ಕಳೆದುಕೊಂಡುದು ಈ ಸೂಕ್ಷ್ಮತೆಯನ್ನು. ಅದರ ಅರಿವು ಮೊಟ್ಟಮೊದಲು ಮೂಡಿದುದು ರೇಡಾರಿನ ಮಂದಿಗೆ. ಜೋಗದ ವಿದ್ಯುದಾಗಾರದ ಯಂತ್ರಗಳು ತಿರುಗತೊಡಗಿದ ದಶಕದಲ್ಲಿಯೇ, 1948ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯ ಕ್ಲಾಡ್ ಷಾನನ್ ವಿಶಾಲ ಪಟ್ಟಿಯ ಇನ್ನೊಂದು ಲಾಭವನ್ನು ತೋರಿಸುವ ಸೂತ್ರವೊಂದನ್ನು ಮುಂದಿಟ್ಟಿದ್ದನು. ಪಟ್ಟಿಯ ಅಗಲವನ್ನು ಹೆಚ್ಚಿಸಿದರೆ ಸಾಗಿಸಬಹುದಾದ ಸಮಾಚಾರ ಅದೇ ಪ್ರಮಾಣದಲ್ಲಿ ಹೆಚ್ಚುವುದು. ಶಕ್ತಿಯನ್ನು ಹೆಚ್ಚಿಸುವುದರಿಂದ ಬರುವ ಲಾಭ ಬಹು ನಿಧಾನವಾದುದು. ಗದ್ದಲಕ್ಕಿಂತಲೂ ಕ್ಷೀಣವಾದ ದನಿಯಲ್ಲಿಯೂ, ಪಟ್ಟಿ ಸಾಕಷ್ಟು ವಿಶಾಲವಾಗಿದ್ದರೆ, ಸಂದೇಶವನ್ನು ತಪ್ಪಿಲ್ಲದೆ ಮುಟ್ಟಿಸಬಹುದೆಂಬುದು ಇದರ ಫಲಿತಾರ್ಥ. 1960ರ ದಶಕದಲ್ಲಿ ನ್ಯಾನೋಸೆಕೆಂಡಿಗಿಂತ ಕಿರಿದಾದ ಘಟನೆಗಳನ್ನು ಕಣ್ಣಿಗೆ ಕಾಣಿಸಬಲ್ಲ ಆಸಿಲೋಸ್ಕೋಪುಗಳು ದೊರೆತ ಮೇಲೆ, ಸ್ಪೆರಿ ಸಂಸ್ಥೆಯ ಜೆರಾಲ್ಡ್ ರಾಸ್, ವಿದ್ವಾಂಸನಾದ ಹೆನ್ನಿಂಗ್ ಹಾರ್ಮುತ್ ಮೊದಲಾದವರು ವಾಹಕ ತರಂಗವೇ ಇಲ್ಲದ ಬರಿಯ ಸ್ಪಂದಗಳಿಂದ ಸಂವಹನ ನಡೆಸುವ ಮಾರ್ಗವನ್ನು ಶೋಧಿಸಿದರು. 1973ರ ಏಪ್ರಿಲ್ 17ರಂದು ರಾಸರಿಗೆ ಇದರ ಪೇಟೆಂಟು ದೊರೆಯಿತು. ಬಹುಕಾಲ ಈ ವಿದ್ಯೆ ಸೈನ್ಯದ ಕೋಣೆಗಳಲ್ಲಿಯೇ ಬೆಳೆಯಿತು. ಗದ್ದಲದಲ್ಲಿ ಅಡಗಿ ಶತ್ರುವಿನ ಕಿವಿಗೆ ಬೀಳದ ದನಿಯ ಮೇಲೆ ಸೇನಾಧಿಪತಿಗಳಿಗೆ ಆಸೆ ಹುಟ್ಟುವುದು ಸಹಜವೇ. ಈಗ ರೂಢವಾಗಿರುವ ‘ಅಲ್ಟ್ರಾ ವೈಡ್‌ಬ್ಯಾಂಡ್’ ಎಂಬ ಹೆಸರು 1989ರ ಸುಮಾರಿಗೆ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಬಳಕೆಗೆ ಬಂದುದು.

ತತ್ತ್ವ ಅರ್ಥವಾಗಬೇಕಾದರೆ ಮಲೆನಾಡಿನದೇ ಒಂದು ತೊಟ್ಟಿಮನೆಯನ್ನು ಮನಸ್ಸಿಗೆ ತಂದುಕೊಂಡರೆ ಸಾಕು. ಜಗಲಿಯ ಕಂಬದ ಬಳಿ ಒಂದು ಸ್ಪಂದ ಹುಟ್ಟಿತು. ಅಡಿಗೆಮನೆಯ ಬಾಗಿಲಲ್ಲಿ, 12 ಮೀಟರು ದೂರದಲ್ಲಿ, ಅದನ್ನು ಹಿಡಿಯುವ ಯಂತ್ರವಿದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಹೆಚ್ಚುಕಡಿಮೆ 30 ಸೆಂಟಿಮೀಟರು ಸಾಗುವುದರಿಂದ, ನೇರವಾಗಿ ಬಂದ ಸ್ಪಂದ 40 ನ್ಯಾನೋಸೆಕೆಂಡಿಗೆ ಮುಟ್ಟುವುದು. ಅದೇ ಸ್ಪಂದ ಎದುರಿನ ಮಣ್ಣಿನ ಗೋಡೆಗೆ ತಾಗಿ, ಮೂರು ಮೀಟರು ಹೆಚ್ಚು ದೂರ ಸುತ್ತಿ ಬಂದರೆ 50 ನ್ಯಾನೋಸೆಕೆಂಡಿಗೆ ಮುಟ್ಟುವುದು. ಕಿರಿಪಟ್ಟಿಯ ಯಂತ್ರದಲ್ಲಿ ಇವೆರಡೂ ಒಂದರ ಮೇಲೊಂದು ಬಿದ್ದು, ಕೆಲವೆಡೆ ಪರಸ್ಪರ ಬಲವಾಗಿ, ಕೆಲವೆಡೆ ಪರಸ್ಪರ ಮಾರಕವಾಗಿ, ಎರಡು ಹೆಜ್ಜೆ ಸರಿದರೆ ಸಂಕೇತವೇ ಇಲ್ಲದಂತೆ ಆಗುವುದುಂಟು. 500 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಾದರೋ ಸ್ಪಂದದ ಉದ್ದ ಎರಡು ನ್ಯಾನೋಸೆಕೆಂಡು ಮಾತ್ರ. ನೇರವಾಗಿ ಬಂದುದೂ ಸುತ್ತಿ ಬಂದುದೂ ಬೇರೆಬೇರೆಯಾಗಿ ಕಾಣುವುವು. ಮೊದಲು ಬಂದುದನ್ನು ಹಿಡಿದು ದೂರವನ್ನು ಅಳೆಯಬಹುದು; ತಡವಾಗಿ ಬಂದುವನ್ನೂ ಬಿಸಾಡದೆ ಒಟ್ಟುಗೂಡಿಸಿ ದನಿಯನ್ನು ಬಲಪಡಿಸಬಹುದು. ಸಂದೇಶವನ್ನು ಬರೆಯುವ ಕ್ರಮವೂ ಸರಳ: ಗೊತ್ತಾದ ಗಳಿಗೆಗಿಂತ ಸ್ಪಂದ ಕೊಂಚ ಮುಂಚೆ ಬಂದರೆ ಸೊನ್ನೆ, ಕೊಂಚ ತಡವಾಗಿ ಬಂದರೆ ಒಂದು. ಒಂದೊಂದು ಅಂಕಕ್ಕೂ ಅನೇಕ ಸ್ಪಂದಗಳನ್ನು ಕಳುಹಿಸಿ, ಬಂದುವನ್ನೆಲ್ಲ ಕೂಡಿಸಿದಾಗ, ಗದ್ದಲ ತನ್ನಷ್ಟಕ್ಕೆ ಅಳಿದು ಸಂದೇಶ ಮೇಲೇಳುವುದು.

ಆದರೆ ಇಷ್ಟು ವಿಶಾಲವಾದ ಪಟ್ಟಿಯಲ್ಲಿ ಹರಡುವುದೆಂದರೆ, ಆಗಲೇ ಹಂಚಿಹೋಗಿರುವ ಎಷ್ಟೋ ಜನರ ಗಡಿಗಳನ್ನು ಏಕಕಾಲಕ್ಕೆ ಮೆಟ್ಟಿದಂತೆಯೇ ಅಲ್ಲವೇ? ಕಿಡಿಯನ್ನು ಹೊರಗಟ್ಟಿದ ಕಾರಣವೇ ಮತ್ತೆ ಬಾಗಿಲಿಗೆ ಬಂದು ನಿಂತಿತು. ವಿಮಾನಗಳ ದಾರಿತೋರಿಸುವ ಇಲಾಖೆಗಳೂ ಮೊಬೈಲ್ ಕಂಪನಿಗಳೂ ಆಕ್ಷೇಪವೆತ್ತಿದುವು. ನಾಲ್ಕು ವರ್ಷಗಳ ವಾದವಿವಾದ ನಡೆಯಿತು. ಕಡೆಗೆ 2002ರ ಫೆಬ್ರವರಿ 14ರಂದು ಅಮೆರಿಕದ ಸಂವಹನ ಆಯೋಗ 3.1ರಿಂದ 10.6 ಗಿಗಾಹರ್ಟ್ಸ್‌ವರೆಗಿನ 7,500 ಮೆಗಾಹರ್ಟ್ಸ್ ಅಗಲದ ಪ್ರದೇಶವನ್ನು ತೆರೆದಿಟ್ಟಿತು. ಭದ್ರಾವತಿಯ ಕೇಂದ್ರಕ್ಕಿರುವಂತಹ ಪಟ್ಟಿಗಳು ಎಂಟು ಲಕ್ಷಕ್ಕೂ ಮಿಕ್ಕಿ ಹಿಡಿಸುವಷ್ಟು ಬಯಲು ಅದು. ಷರತ್ತು ಮಾತ್ರ ಕಠಿಣವಾದುದು: ಒಂದು ಮೆಗಾಹರ್ಟ್ಸ್‌ನಲ್ಲಿ ಮೈನಸ್ 41.3 ಡಿಬಿಎಂ, ಎಂದರೆ ಒಂದು ವಾಟಿನ ನೂರು ಕೋಟಿ ಪಾಲುಗಳಲ್ಲಿ ಸುಮಾರು 75 ಪಾಲು, ಅದನ್ನು ಮೀರಿ ಹೊರಸೂಸಕೂಡದು. ಇಡೀ ಬಯಲನ್ನು ಬಳಸಿದರೂ ಒಟ್ಟು ಶಕ್ತಿ ಅರ್ಧ ಮಿಲಿವಾಟಿಗೆ ತುಸು ಹೆಚ್ಚು; ಗೋಪಾಲಸ್ವಾಮಿಯವರ ಆ ಪುಟ್ಟ ಪ್ರೇಷಕದ ಶಕ್ತಿಯಲ್ಲಿ ಐವತ್ತು ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಅಡಿಕೆಮರದ ದಬ್ಬೆಯಲ್ಲಿ ಹರಿದುಬಂದು ಒಂದೇ ಕಡೆ ಬಿದ್ದರೆ ನೆಲದಲ್ಲಿ ಕುಳಿ ತೋಡುವ ನೀರನ್ನೇ ಅಂಗಳದ ತುಂಬ ಚಿಮುಕಿಸಿದರೆ ಮಣ್ಣು ತೇವವಾಗುವುದಷ್ಟೆ. ಹಾಗೆ ಯಾರ ಪಟ್ಟಿಯಲ್ಲಿಯೂ ತೊಂದರೆಯಾಗದಷ್ಟು ತೆಳುವಾಗಿ ಹರಡಿಕೊಂಡಿರಬೇಕೆಂಬುದು ಆ ಕಟ್ಟಳೆಯ ಸಾರ.

ಬಾಗಿಲು ತೆರೆದ ಮೇಲಿನ ಮೊದಲ ವರ್ಷಗಳು ಕಲಹದಲ್ಲಿ ಕಳೆದುವು. ಕಂಪ್ಯೂಟರಿಗೂ ಟಿವಿಗೂ ನಡುವಣ ತಂತಿಯನ್ನೇ ಇಲ್ಲವಾಗಿಸುವೆವೆಂದು ಎರಡು ಬಣಗಳು ಎರಡು ಪದ್ಧತಿಗಳನ್ನು ಹಿಡಿದು ಹೊರಟುವು. ಒಮ್ಮತ ಮೂಡದೆ, ಅಂತರರಾಷ್ಟ್ರೀಯ ಎಂಜಿನಿಯರರ ಸಂಸ್ಥೆಯ ಸಮಿತಿ 2006ರ ಜನವರಿಯಲ್ಲಿ ವಿಸರ್ಜನೆಗೊಂಡಿತು. ಅಷ್ಟರಲ್ಲಿ ವೈಫೈ ವೇಗವಾಗಿ ಬೆಳೆದು ಆ ಜಾಗವನ್ನು ಆಕ್ರಮಿಸಿಬಿಟ್ಟಿತು. ವೇಗದ ಆಸೆಯನ್ನು ಬಿಟ್ಟು ಅಳತೆಯ ಗುಣವನ್ನು ನೆಚ್ಚಿದವರು 2007ರಲ್ಲಿ ಸದ್ದಿಲ್ಲದೆ ರೂಪಿಸಿದ ಇನ್ನೊಂದು ಮಾನಕವೇ ಈ ವಿದ್ಯೆಯನ್ನು ಉಳಿಸಿದುದು. 2019ರಲ್ಲಿ ಆಪಲ್ ಕಂಪನಿ ತನ್ನ ಫೋನಿನಲ್ಲಿ ಇದರ ಚಿಪ್ಪನ್ನು ಇಟ್ಟಿತು. ಕಳೆದ ಬೀಗದಕೈ ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿ ಇದೆಯೆಂದು ಹೇಳಬಲ್ಲ ಬಿಲ್ಲೆಗಳು ಬಂದುವು. ಒಡೆಯನ ಜೇಬಿನ ಫೋನು ಹತ್ತಿರ ಬಂದುದನ್ನು ಕಾಲದ ಅಳತೆಯಿಂದಲೇ ಖಚಿತಪಡಿಸಿಕೊಂಡು ಬಾಗಿಲು ತೆರೆಯುವ ಕಾರುಗಳು ಬಂದುವು.

ಈ ಮಧ್ಯೆ ಮಲೆನಾಡಿನಲ್ಲಿ ನಿಸ್ತಂತು ಬೇರೆ ದಾರಿಗಳನ್ನು ಹಿಡಿದಿದ್ದಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಬಿಎಸ್‌ಎನ್‌ಎಲ್‌ನ ಡಬ್ಲ್ಯೂಎಲ್‌ಎಲ್ ಫೋನುಗಳು ತಂತಿ ಎಳೆಯಲಾಗದ ಒಂಟಿಮನೆಗಳಿಗೆ ಬಂದಾಗ, ಮಾಡಿನ ಮೇಲೆ ಆಂಟೆನಾ ನಿಲ್ಲಿಸಿದ ಆ ಮನೆಯವರು ಅರಿಯದೆಯೇ ಹರಡಿದ ಪಟ್ಟಿಯ ವಿದ್ಯೆಯ ಫಲಾನುಭವಿಗಳಾಗಿದ್ದರು. ಆ ಪದ್ಧತಿಯಲ್ಲಿ ಒಂದು ಕಿರಿದಾದ ಧ್ವನಿಯನ್ನು ಸಂಕೇತಮಾಲೆಯೊಂದರಿಂದ ಗುಣಿಸಿ 1.25 ಮೆಗಾಹರ್ಟ್ಸ್ ಅಗಲಕ್ಕೆ ಹರಡುತ್ತಿದ್ದರು. ಆಗುಂಬೆಯಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನ ಕೇಂದ್ರದವರು 2008ರಲ್ಲಿ ಕಾಳಿಂಗ ಸರ್ಪಗಳ ದೇಹದೊಳಗೆ ಪುಟ್ಟ ಪ್ರೇಷಕಗಳನ್ನು ಇಟ್ಟು, ಕೈಯಲ್ಲಿ ಆಂಟೆನಾ ಹಿಡಿದು, ಜಿಗಣೆ ತುಂಬಿದ ಕಾಡಿನಲ್ಲಿ ಅವುಗಳ ಹಿಂದೆಯೇ ನಡೆದರು. ಅಂತಹ ಪ್ರೇಷಕ ಕಿರಿಪಟ್ಟಿಯದು. ದನಿ ಯಾವ ದಿಕ್ಕಿನಲ್ಲಿ ಜೋರಾಗಿದೆಯೆಂದು ಮಾತ್ರ ಅದು ಹೇಳಬಲ್ಲುದು, ಎಷ್ಟು ದೂರವೆಂಬುದನ್ನು ನಡೆದೇ ತಿಳಿಯಬೇಕು. ಆದರೂ ಆ ಕಾಡಿಗೆ ಅದೇ ತಕ್ಕುದು. ವಿಶಾಲಪಟ್ಟಿಯ ಸ್ಪಂದ ಆ ದಟ್ಟ ಹಸಿರಿನಲ್ಲಿ ಕೆಲವು ಮಾರು ದೂರದಲ್ಲಿಯೇ ಅಳಿದುಹೋಗುತ್ತಿದ್ದಿತು.

ಇದನ್ನು ಒತ್ತಿ ಹೇಳಬೇಕಾದ ಕಾರಣವಿದೆ. ಈಚಿನ ವರ್ಷಗಳಲ್ಲಿ ಇದೇ ಸೀಮೆಯ ಹಳ್ಳಿಗಳ ಮಕ್ಕಳು ಪಾಠ ಕೇಳುವುದಕ್ಕಾಗಿ ಫೋನು ಹಿಡಿದು ಗುಡ್ಡ ಹತ್ತಿದುದನ್ನೂ, ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂದು ಹಿರಿಯರು ಸಂಕಲ್ಪ ಮಾಡಿದುದನ್ನೂ ಕಂಡವರು, ಹೊಸ ನಿಸ್ತಂತು ವಿದ್ಯೆಯೊಂದರ ಹೆಸರು ಕೇಳಿದೊಡನೆ ಅದರಿಂದ ತಮ್ಮೂರಿಗೆ ಸಿಗ್ನಲ್ ಬಂದೀತೇ ಎಂದು ಕೇಳುವುದು ನ್ಯಾಯವೇ. ಬಾರದು. ದೂರವನ್ನು ಗೆಲ್ಲುವ ಶಕ್ತಿ ಇದಕ್ಕಿಲ್ಲ. ಆ ಕೊರತೆಯನ್ನು ಟವರುಗಳೂ ಕೇಬಲ್ಲುಗಳೂ ಸರಕಾರದ ಶ್ರದ್ಧೆಯೂ ತುಂಬಬೇಕು. ಆದರೆ ಮಲೆನಾಡಿಗೆ ಇದರಿಂದ ಆಗಬಹುದಾದ ಒಂದು ಮಹದುಪಕಾರ ಬೇರೆ ಇದೆ. ಅದು ನೆಲದ ಒಳಗನ್ನು ಕಾಣುವುದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿ ನದಿಯ ಒಡಲಿಗೂ ಬಿದ್ದಾಗ, ಮಣ್ಣಿನಡಿ ಸಿಲುಕಿದವರ ಶೋಧಕ್ಕೆ ತಂದ ಸಲಕರಣೆಗಳಲ್ಲಿ ಭೂಭೇದಿ ರೇಡಾರೂ ಇದ್ದಿತು. ಅದು ಈ ವಿಶಾಲಪಟ್ಟಿಯ ಸ್ಪಂದವಿದ್ಯೆಯ ಅತ್ಯಂತ ಹಳೆಯ ಪ್ರಯೋಗಗಳಲ್ಲೊಂದು. ನೆಲಕ್ಕೆ ಸ್ಪಂದವನ್ನು ಇಳಿಸಿ, ಮಣ್ಣಿಗೂ ಕಲ್ಲಿಗೂ ಲೋಹಕ್ಕೂ ನಡುವಣ ಪ್ರತಿಯೊಂದು ಗಡಿಯಿಂದಲೂ ಮರಳಿದ ಪ್ರತಿಧ್ವನಿಯ ಕಾಲವನ್ನು ಅಳೆದು, ಒಳಗಿನ ಚಿತ್ರವನ್ನು ಬರೆಯುವುದು ಅದರ ರೀತಿ. ಇನ್ನೂ ಸೂಕ್ಷ್ಮವಾದ ಯಂತ್ರಗಳು ಕಲ್ಲುಮಣ್ಣಿನ ರಾಶಿಯಾಚೆ ಉಸಿರಾಡುತ್ತಿರುವ ಎದೆಯ ಏರಿಳಿತವನ್ನೂ ಗುರುತಿಸಬಲ್ಲುವು.

ಆಗುಂಬೆಯ ಘಟ್ಟದಲ್ಲಿಯೂ ಹೊಸನಗರದಿಂದ ಇಳಿಯುವ ಹುಲಿಕಲ್ಲಿನ ಘಟ್ಟದಲ್ಲಿಯೂ ಮಳೆಗಾಲದಲ್ಲಿ ದರೆ ಜರಿದು ರಸ್ತೆ ಕಟ್ಟುವುದು ಹೊಸದಲ್ಲ. ಅಲ್ಲಿನ ನೆಲವಾದರೋ ಜಂಬಿಟ್ಟಿಗೆಯೂ ಜೇಡಿಯೂ ಬೆರೆತು ಆಷಾಢ ಶ್ರಾವಣಗಳಲ್ಲಿ ನೀರು ಕುಡಿದು ತುಂಬಿರುವಂತಹುದು; ಒದ್ದೆ ಜೇಡಿ ಉನ್ನತ ಕಂಪನಾಂಕದ ತರಂಗಗಳನ್ನು ಹೀರಿಕೊಂಡುಬಿಡುವುದರಿಂದ, ಒಣಮರಳಿನಲ್ಲಿ ಹತ್ತಾರು ಮೀಟರು ಇಳಿಯುವ ಸ್ಪಂದ ಇಲ್ಲಿ ಒಂದೆರಡು ಮೀಟರಿಗೇ ಸೋಲುವುದುಂಟು. ನೂರು ಮೆಗಾಹರ್ಟ್ಸ್‌ನ ನೆರೆಯ ಕಂಪನಾಂಕಗಳಿಗೆ ಇಳಿದರೆ ಆಳ ಹೆಚ್ಚುವುದು, ಚಿತ್ರ ಮಸಕಾಗುವುದು. ಸಾವಿರ ಮೆಗಾಹರ್ಟ್ಸ್‌ಗೆ ಏರಿದರೆ ಚಿತ್ರ ಸ್ಫುಟವಾಗುವುದು, ಆಳ ಕುಗ್ಗುವುದು. ಮಳೆ ಹಿಡಿಯುವ ಮೊದಲೇ, ವೈಶಾಖದ ಒಣನೆಲದಲ್ಲಿ, ಈ ಘಟ್ಟಗಳ ಇಳಿಜಾರನ್ನು ಒಮ್ಮೆ ಅಳೆದು ಒಳಗಿನ ಪದರಗಳ ನಕ್ಷೆಯನ್ನು ಬರೆದಿಟ್ಟುಕೊಂಡರೆ, ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳ ತರುಣರು ಮುಂದಿನ ವರ್ಷ ಅದೇ ಇಳಿಜಾರನ್ನು ಅದೇ ಕಂಪನಾಂಕಗಳಲ್ಲಿ ಮತ್ತೆ ಅಳೆದು, ಎಲ್ಲಿ ಪದರ ಸರಿದಿದೆಯೆಂಬುದನ್ನು ಎರಡು ನಕ್ಷೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಬಹುದು.